ಕೆಂಬಣ್ಣದ ಅಲಂಕಾರಿಕ ಮರಗಳು: ಗುರುತಿಸುವಿಕೆ ಮತ್ತು ಬೆಳೆಸುವಿಕೆ

ಬೀದರ್ ನಗರ, ಭಾಲ್ಕಿ ಹಾಗೂ ಔರಾದ್‌ನ ಸಾರ್ವಜನಿಕರು ಸಸಿಗಾಗಿ ಅಥವಾ ಮರ ಕಡಿಯುವ ಅನುಮತಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ಮಾಹಿತಿಯನ್ನು ಗಮನಿಸಲು ಕೋರಲಾಗಿದೆ.

1. ಜಪಾನಿ ಮೇಪಲ್
ಅಂಗೈಯಂತೆ 5 ರಿಂದ 9 ಸೀಳುಗಳುಳ್ಳ, ಕಡ್ಡಿಯ ಮೇಲೆ ಎದುರುಬದುರಾಗಿರುವ ಎಲೆಗಳು ಹಾಗೂ ಜೋಡಿ ರೆಕ್ಕೆಯ ಕಾಯಿಗಳು ಇದರ ಗುರುತು. ಇದು ಜಪಾನ್, ಕೊರಿಯಾ ಮುಂತಾದ ತಂಪು ಪ್ರದೇಶಗಳ ಮರ. ದೀರ್ಘ ಚಳಿಯಲ್ಲಿ ಎಲೆಯುದುರಿಸಿ ವಿಶ್ರಮಿಸಿದ ನಂತರವೇ ಚೆನ್ನಾಗಿ ಚಿಗುರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಜಿಲ್ಲೆಯಲ್ಲಿ ಇದರ ತೆಳುವಾದ ಎಲೆಗಳು ಅಂಚಿನಿಂದ ಸುಟ್ಟು ಒಣಗುತ್ತವೆ. ಆದುದರಿಂದ ಇಲ್ಲಿ ನೆಡಲು ಸೂಕ್ತವಲ್ಲ.

2. ಮುತ್ತುಗ (ಮುತ್ತಲ, ಪಳಸ)
ಕೆಂಬಣ್ಣದ ಮರ ಬಯಸುವವರಿಗೆ ಈ ನಾಡಿನ ಮುತ್ತುಗವು ಸೂಕ್ತ. ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ಎಲೆಯುದುರಿದ ಕೊಂಬೆಗಳ ಮೇಲೆ ಗಿಳಿಯ ಕೊಕ್ಕಿನಾಕಾರದ ಕೇಸರಿ ಹೂಗಳು ತುಂಬಿಕೊಳ್ಳುತ್ತವೆ. ಊಟದ ಪತ್ರಾವಳಿಗೂ ಹೋಳಿಯ ಬಣ್ಣಕ್ಕೂ ಬಳಕೆಯಾಗುವ ಮರವಿದು.

3. ಹಾಲಿವಾಣದಿಂದ ಬೇರ್ಪಡಿಸುವ ಬಗೆ
ಹಾಲಿವಾಣಕ್ಕೂ (ಪಾಂಗಾರಾ) ಮೂರೆಲೆ ಹಾಗೂ ಕೆಂಪು ಹೂ ಇರುವುದರಿಂದ ಗೊಂದಲವಾಗುತ್ತದೆ.
ಅ) ಹಾಲಿವಾಣದ ಕೊಂಬೆಗಳಲ್ಲಿ ಮುಳ್ಳುಗಳಿರುತ್ತವೆ, ಮುತ್ತುಗದಲ್ಲಿ ಇರುವುದಿಲ್ಲ.
ಆ) ಮುತ್ತುಗದ ಎಲೆ ದಪ್ಪ ಹಾಗೂ ಒರಟು, ಹಾಲಿವಾಣದ್ದು ತೆಳು.
ಇ) ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜವಿರುತ್ತದೆ, ಹಾಲಿವಾಣದ ಕಾಯಿಯಲ್ಲಿ ಹಲವು ಬೀಜಗಳಿರುತ್ತವೆ.

4. ಬೆಳೆಸುವ ವಿಧಾನ
ಬೀಜವು ಬಹುಕಾಲ ಮೊಳಕೆಯ ಶಕ್ತಿಯನ್ನು ಉಳಿಸಿಕೊಳ್ಳುವುದಿಲ್ಲ. ಮಾಗಿದ ಕೂಡಲೇ ಬಿತ್ತತಕ್ಕದ್ದು. ತಾಯಿಬೇರು ಆಳಕ್ಕಿಳಿಯುವುದರಿಂದ ಎತ್ತರದ ಚೀಲದಲ್ಲಿ ಬೆಳೆಸಿ, ಎಳೆಯದಿರುವಾಗಲೇ ಮುಂಗಾರಿನಲ್ಲಿ ನೆಡಬೇಕು. ಭಾಲ್ಕಿ, ಔರಾದ್‌ಗಳ ಕಪ್ಪು ಮಣ್ಣಿನಲ್ಲಿ 2 ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಬೀದರ್ ನಗರದ ಗಟ್ಟಿಯಾದ ಜಂಬಿಟ್ಟಿಗೆ ನೆಲದಲ್ಲಿ 3 ಅಡಿ ತೋಡಿ, ಕೆರೆಮಣ್ಣು ಹಾಗೂ ಕೊಟ್ಟಿಗೆ ಗೊಬ್ಬರ ತುಂಬಬೇಕು. ಮೊದಲ ಎರಡು ಬೇಸಿಗೆ ನೀರುಣಿಸಬೇಕು. ಬೆಳವಣಿಗೆ ನಿಧಾನ, ಹೂವಿಗೆ ಹಲವು ವರ್ಷ ಕಾಯಬೇಕಾಗುತ್ತದೆ.

5. ಸ್ಥಳದ ಆಯ್ಕೆ ಮತ್ತು ಅರ್ಜಿ
ಮರವು 30 ಅಡಿಗೂ ಮೀರಿ ಬೆಳೆಯುವುದರಿಂದ ವಿದ್ಯುತ್ ತಂತಿಯ ಕೆಳಗೆ ಹಾಗೂ ಗೋಡೆಯ ಸಮೀಪ ನೆಡಬಾರದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ, ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ, ಮರ ಕಡಿಯಲು ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅಗತ್ಯ. ಸ್ವಂತ ಅಂಗಳದ ಮರಕ್ಕೂ ಇದು ಅನ್ವಯಿಸುತ್ತದೆ. ಅರ್ಜಿಯಲ್ಲಿ ಮರದ ಜಾತಿಯನ್ನು ಮೇಲಿನ ಗುರುತುಗಳಿಂದ ಖಚಿತಪಡಿಸಿಕೊಂಡು ನಮೂದಿಸತಕ್ಕದ್ದು. ಸಂದೇಹವಿದ್ದಲ್ಲಿ ಎಲೆ ಹಾಗೂ ಕಾಯಿಯೊಂದಿಗೆ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.