ನೆತ್ತರು ಕೆಂಪಲ್ಲದ ಮೀನು



ಗದಗಿನ ಸಮೀಪದ ಅಸುಂಡಿಯಲ್ಲಿ, ಬೇಸಿಗೆಯ ಮಧ್ಯಾಹ್ನ ಎರೆಯ ನೆಲ ಬಾಯಿಬಿಟ್ಟಿರುವಾಗ, ಹಿಮಸಮುದ್ರದ ಮಾತನ್ನೆತ್ತಿದರೆ ಕೇಳಿದವರು ನಕ್ಕಾರು. ಆ ಸಮುದ್ರದಲ್ಲಿ ನೆತ್ತರು ಕೆಂಪಲ್ಲದ ಮೀನೊಂದಿದೆಯೆಂದರಂತೂ ನಂಬಲಾರರು. ಇದು ಹಳ್ಳಿಗರ ದೋಷವಲ್ಲ. 1929ರಲ್ಲಿ ತಿಮಿಂಗಿಲದ ಬೇಟೆಯ ಹಡಗಿನಲ್ಲಿ ದಕ್ಷಿಣಕ್ಕೆ ಹೋಗಿದ್ದ ನಾರ್ವೆಯ ಯೋಹಾನ್ ರೂಡ್ ಎಂಬ ಪ್ರಾಣಿಶಾಸ್ತ್ರಜ್ಞನೂ ಹಡಗಿನವರ ಈ ಮಾತನ್ನು ನಂಬಲಿಲ್ಲ. ಆದರೆ ಅವನ ದೇಶದವನೇ ಆದ ರುಸ್ಟಾಡ್ ಎಂಬವನು 1927ರಲ್ಲಿಯೇ ಬೂವೆ ದ್ವೀಪದ ಬಳಿ ಅಂಥದೊಂದು ಮೀನನ್ನು ಕಣ್ಣಾರೆ ಕಂಡಿದ್ದನು. ಕಡೆಗೆ ರೂಡನೇ ಅದರ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಹಿಮೊಗ್ಲೋಬಿನ್ ಎಂಬ ಕೆಂಪು ವರ್ಣಕವೇ ಇಲ್ಲವೆಂದು 1954ರಲ್ಲಿ ಪ್ರಕಟಿಸಿದನು. ಈ ಹಿಮಮೀನಿನ ನೆತ್ತರು ನೀರಿನಂತೆ ತಿಳಿಯಾದುದು.

ಅಂಟಾರ್ಕ್ಟಿಕದ ಕಡಲಿನಲ್ಲಿ ಮೀನಿಗೆ ಮೊದಲನೆಯ ಕಷ್ಟ ಹೆಪ್ಪುಗಟ್ಟುವುದು. ಉಪ್ಪಿರುವ ಕಾರಣ ಸಮುದ್ರದ ನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿದಮೇಲೆ ಗಡ್ಡೆಯಾಗುತ್ತದೆ. ಸಾಧಾರಣ ಮೀನಿನ ರಕ್ತವೋ, ಒಂದು ಡಿಗ್ರಿ ಇಳಿಯುವಷ್ಟರಲ್ಲಿಯೇ. ಆದರೂ ಇಲ್ಲಿಯ ಮೀನುಗಳು ಬದುಕಿರುವುದೇಕೆಂಬುದನ್ನು 1960ರ ದಶಕದಲ್ಲಿ ಅಮೆರಿಕದ ಆರ್ಥರ್ ಡಿವ್ರೀಸ್ ಶೋಧಿಸಿದನು. ಅವುಗಳ ರಕ್ತದಲ್ಲಿ ಸಕ್ಕರೆ ಕೂಡಿದ ಒಂದು ಬಗೆಯ ಪ್ರೋಟೀನಿದೆ. ಮಂಜಿನ ಸಣ್ಣ ಹರಳು ದೇಹವನ್ನು ಹೊಕ್ಕೊಡನೆ ಅದು ಹರಳಿಗೆ ಅಂಟಿಕೊಂಡು, ಬೆಳೆಯದಂತೆ ತಡೆಯುತ್ತದೆ.

ಇನ್ನು ಉಸಿರಿನ ವಿಷಯ. ನಮ್ಮ ದೇಹದಲ್ಲಿ ಆಮ್ಲಜನಕವನ್ನು ಹೊರುವ ಹಮಾಲರೆಂದರೆ ಕೆಂಪು ಕಣಗಳು. ಹಿಮಮೀನು ಈ ಹಮಾಲರನ್ನೆಲ್ಲ ಕೆಲಸದಿಂದ ಬಿಡಿಸಿಬಿಟ್ಟಿದೆ! ತಣ್ಣನೆಯ ನೀರು ಬೆಚ್ಚನೆಯ ನೀರಿಗಿಂತ ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳುವುದರಿಂದ, ರಕ್ತದ ದ್ರವದಲ್ಲಿ ತಾನಾಗಿ ಕರಗಿದಷ್ಟರಲ್ಲಿಯೇ ಅದು ಸಂಸಾರ ಸಾಗಿಸುತ್ತದೆ. ಕೆಂಪು ನೆತ್ತರಿನ ನೆಂಟರು ಹೊರುವುದರ ಹತ್ತನೆಯ ಒಂದು ಪಾಲೂ ಅದಕ್ಕೆ ದಕ್ಕದು. ಆದಕಾರಣ ಹೃದಯ ದೊಡ್ಡದು, ನಾಳಗಳು ಅಗಲ, ರಕ್ತದ ಮೊತ್ತವೂ ಅಧಿಕ. ಇದನ್ನು ಪ್ರಕೃತಿಯ ಜಾಣತನವೆಂದು ಹೊಗಳುವುದುಂಟು. ನನಗೇನೋ, ಇದು ಕಳೆದುಕೊಂಡುದನ್ನು ಹೇಗೋ ಸರಿದೂಗಿಸಿದಂತೆ ತೋರುತ್ತದೆ. ಚಳಿಯೊಂದಿಲ್ಲದಿದ್ದರೆ ಈ ನಷ್ಟ ಎಂದೋ ಪ್ರಾಣಾಂತಿಕವಾಗುತ್ತಿತ್ತು.

ಕಷ್ಟವಿರುವುದೂ ಇಲ್ಲಿಯೇ. ವರ್ಣಕವನ್ನು ಕಟ್ಟುವ ಜೀನುಗಳು ಈ ಮೀನಿನಲ್ಲಿ ಮುರಿದುಹೋಗಿ ಚೂರುಗಳಷ್ಟೆ ಉಳಿದಿವೆ. ಬೇಕೆಂದಾಗ ಮರಳಿ ಪಡೆಯುವಂತಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಮೆ, ದೇಹಕ್ಕೆ ಬೇಡಿಕೆ ಮಾತ್ರ ಹೆಚ್ಚು. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮಕ್ಕೆ ಬೇಸಿಗೆಯ ಮೇಲ್ನೀರು 20ನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಡಿಗ್ರಿಗೂ ಮಿಕ್ಕಿ ಬೆಚ್ಚಗಾಯಿತು. ನಮಗೆ ಒಂದು ಡಿಗ್ರಿ ಏನೂ ಅಲ್ಲ.

2021ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ವೆಡೆಲ್ ಸಮುದ್ರದ ತಳದಲ್ಲಿ ಕ್ಯಾಮೆರಾ ಎಳೆದು ಸಾಗುತ್ತಿದ್ದಾಗ ಹಿಮಮೀನಿನ ಗೂಡುಗಳು ಕಂಡುವು. ಸುಮಾರು 240 ಚದರ ಕಿಲೋಮೀಟರಿನಲ್ಲಿ ಅಂದಾಜು 6 ಕೋಟಿ ಗೂಡುಗಳು! ಮುಕ್ಕಾಲು ಮೀಟರು ಅಗಲದ ಒಂದೊಂದು ಗುಂಡಿಯಲ್ಲಿಯೂ ಸಾವಿರಕ್ಕೆ ಮಿಕ್ಕಿದ ಮೊಟ್ಟೆಗಳು. ಬಹುತೇಕ ಗೂಡುಗಳಲ್ಲಿ ಕಾವಲಿಗೆ ಒಂದು ಮೀನು. ಸುತ್ತಲಿನ ತಳದ ನೀರಿಗಿಂತ ಆ ಸ್ಥಳ 2 ಡಿಗ್ರಿಯವರೆಗೆ ಬೆಚ್ಚಗಿತ್ತು. ಬೆಚ್ಚಗೆಂದರೆ ಅಸುಂಡಿಯ ಬೆಚ್ಚಗಲ್ಲ, ಸೊನ್ನೆಯ ಆಸುಪಾಸು.