ಡಿ.ಜೆ. ಕಂಪ್ಯೂಟರಿಗೆ ಎರಡು ಬಾಯಿ ಬೇಕು



ಈ ವರ್ಷದ ವಾರ್ಷಿಕೋತ್ಸವಕ್ಕೆ ಹಳೇ ವಿದ್ಯಾರ್ಥಿಗಳು ನಮ್ಮ ಶಾಲೆಗೆ ಒಂದು ಸೌಂಡ್ ಕಾರ್ಡ್ ಕೊಡಿಸಲು ಒಪ್ಪಿರುವುದು ನಿಮಗೆಲ್ಲ ಗೊತ್ತೇ ಇದೆ. "ಯಾವುದು ಬೇಕು ಅಂತ ನೀವೇ ಬರೆದು ಕೊಡಿ" ಎಂದಿದ್ದಾರೆ. ಅವರಲ್ಲಿ ಆಟೋ ಓಡಿಸುವವರಿದ್ದಾರೆ, ಗಾರ್ಮೆಂಟ್ಸಿಗೆ ಹೋಗುವ ಅಕ್ಕಂದಿರಿದ್ದಾರೆ. ಅವರು ಬೆವರು ಸುರಿಸಿ ಕೂಡಿಸಿದ ದುಡ್ಡು ಕೆಲಸಕ್ಕೆ ಬಾರದ ಡಬ್ಬಕ್ಕೆ ಹೋಗಬಾರದು. ನಮ್ಮ ಸೋದರಮಾವ ಮದುವೆ, ಜಾತ್ರೆಗೆ ಸೌಂಡ್ ಹಾಕುತ್ತಾರೆ. ರಜೆಯಲ್ಲಿ ಅವರ ಜೊತೆ ವೈರು ಎಳೆಯಲು ಹೋಗಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಎಲ್ಲರೂ ಓದಿ, ಆಮೇಲೆ ಕೂತು ಪಟ್ಟಿ ಮಾಡೋಣ.

ಸೌಂಡ್ ಕಾರ್ಡ್ ಅಂದರೇನು?

ಕಂಪ್ಯೂಟರಿಗೆ ಹಾಡು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಸಿ.ಡಿ.ಯ ಹಾಡನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಅಂಕಿಗಳನ್ನಾಗಿ ಮಾಡಿರುತ್ತಾರೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ. ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಅಳೆದರೆ ಸಾಕು ಅನ್ನುವುದು ಇದರ ಹಿಂದಿನ ಲೆಕ್ಕ. ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡಿ ಆಂಪ್ಲಿಫೈಯರಿಗೆ ಕಳಿಸುವುದೇ ಸೌಂಡ್ ಕಾರ್ಡಿನ ಕೆಲಸ.

1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಗೆ 'ಬೀಪ್' ಅನ್ನುವ ಒಂದು ಪುಟ್ಟ ಸ್ಪೀಕರ್ ಬಿಟ್ಟರೆ ಬೇರೆ ಬಾಯಿಯೇ ಇರಲಿಲ್ಲ. 1987ರಲ್ಲಿ ಕೆನಡಾದ ಆಡ್‌ಲಿಬ್, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದವು. ಅವು ನಿಜವಾಗಿಯೂ ಕಾರ್ಡುಗಳೇ. ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಒಳಗೆ ಸಿಕ್ಕಿಸಬೇಕಿತ್ತು. ಈಗ ಹೆಚ್ಚಾಗಿ ಸಿಗುವುದು ಯು.ಎಸ್.ಬಿ. ವೈರಿನಿಂದ ಹೊರಗಡೆ ಸೇರಿಸುವ ಡಬ್ಬ. ಹೆಸರು ಮಾತ್ರ ಹಾಗೇ ಉಳಿದಿದೆ. ಅಂಗಡಿಯಲ್ಲಿ 'ಆಡಿಯೋ ಇಂಟರ್‌ಫೇಸ್' ಅಂದರೂ ಇದೇ.

ಲ್ಯಾಪ್‌ಟಾಪಿನಲ್ಲೇ ಇದೆಯಲ್ಲ, ಇನ್ನೊಂದು ಯಾಕೆ?

ಇದು ನಮ್ಮ ತರಗತಿಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ. ಉತ್ತರ ಬೇಕಾದರೆ ಡಿ.ಜೆ. ಏನು ಮಾಡುತ್ತಾನೆ ಅಂತ ನೋಡಬೇಕು. ಮೊದಲೆಲ್ಲ ಅವನ ಮುಂದೆ ಎರಡು ಗ್ರಾಮಫೋನು ತಟ್ಟೆ ತಿರುಗುವ ಯಂತ್ರ, ನಡುವೆ ಒಂದು ಮಿಕ್ಸರ್ ಇರುತ್ತಿತ್ತು. ಜಪಾನಿನ ಟೆಕ್ನಿಕ್ಸ್ ಎಸ್.ಎಲ್. 1200 ಯಂತ್ರ 1972ರಲ್ಲಿ ಬಂದದ್ದು, ಡಿ.ಜೆ.ಗಳ ನಡುವೆ ತುಂಬ ಹೆಸರು ಮಾಡಿತು. ಒಂದು ತಟ್ಟೆಯ ಹಾಡು ಜನರಿಗೆ ಕೇಳುತ್ತಿರುವಾಗ ಇನ್ನೊಂದು ತಟ್ಟೆಯ ಹಾಡನ್ನು ಅವನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿ, ತಾಳ ಸರಿಮಾಡಿಕೊಂಡು, ಸಮಯ ನೋಡಿ ಹೊರಗೆ ಬಿಡುತ್ತಿದ್ದ.

ಈಗ ಟ್ರಾಕ್ಟರ್, ಸೆರಾಟೋ, ವರ್ಚುವಲ್ ಡಿಜೆ, ಮಿಕ್ಸ್ ಮುಂತಾದ ತಂತ್ರಾಂಶಗಳು ಆ ಎರಡು ತಟ್ಟೆಗಳನ್ನು ಕಂಪ್ಯೂಟರಿನ ಪರದೆ ಮೇಲೆ ತಂದಿವೆ. (ಇಲ್ಲಿ ಟ್ರಾಕ್ಟರ್ ಅಂದರೆ ಉಳುವ ಟ್ರಾಕ್ಟರ್ ಅಲ್ಲ!) ಇವುಗಳಲ್ಲಿ ಮಿಕ್ಸ್ ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ.

ತಟ್ಟೆ ಎರಡಾದವು, ಆದರೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತು ಒಂದೇ. ಅದರಲ್ಲಿ ಬರುವುದು ಎಡ ಒಂದು, ಬಲ ಒಂದು, ಒಟ್ಟು 2 ಚಾನೆಲ್. ಅಂದರೆ ಒಂದೇ ಬಾಯಿ. ಆ ಬಾಯಿ ಜನರಿಗೆ ಹಾಡುತ್ತಿರುವಾಗ ನಮ್ಮ ಕಿವಿಯಲ್ಲಿ ಬೇರೆ ಗುಟ್ಟು ಹೇಳಲು ಆಗೋದಿಲ್ಲ. ಡಿ.ಜೆ. ಕೆಲಸಕ್ಕೆ 4 ಚಾನೆಲ್ ಬೇಕು. 1 ಮತ್ತು 2 ಜನರಿಗೆ, 3 ಮತ್ತು 4 ಹೆಡ್‌ಫೋನಿಗೆ.

'ನಾವೇನು ಡಿ.ಜೆ. ಆಗ್ತೀವಾ?' ಅಂತ ಕೇಳಬಹುದು. ಐದನೇ ತರಗತಿಯವರ ಕೋಲಾಟ ನಡೆಯುವಾಗಲೇ ಮುಂದಿನ ನೃತ್ಯದ ಹಾಡು ಸರಿಯಾದದ್ದೇ, ಮೊದಲಲ್ಲಿ ಎಷ್ಟು ಸೆಕೆಂಡ್ ಖಾಲಿ ಇದೆ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ತಿಂಗಳು ಪೂರ್ತಿ ಅಭ್ಯಾಸ ಮಾಡಿದ ಪುಟ್ಟ ಮಕ್ಕಳು ಬಣ್ಣ ಹಚ್ಚಿಕೊಂಡು ಸ್ಟೇಜಿನ ಮೇಲೆ ಸುಮ್ಮನೆ ನಿಂತಿರಬೇಕಾಗುತ್ತೆ. ಅವರ ಅಪ್ಪ ಅಮ್ಮ ಕೂಲಿ ಬಿಟ್ಟು ನೋಡೋಕೆ ಬಂದಿರುತ್ತಾರೆ.

ಕೊಳ್ಳುವಾಗ ಏನು ನೋಡಬೇಕು?

ನಾನು ಒಂದು ಡಬ್ಬ ತೋರಿಸಿ, "ಮಾವ, ಇದಕ್ಕೆ ಹಿಂದೆ ಎರಡು ತೂತು ಇದೆ, ಮುಂದೆ ಹೆಡ್‌ಫೋನ್ ತೂತೂ ಇದೆ, ಸಾಲ್ದಾ?" ಅಂದೆ. "ತೂತು ಎಣಿಸಬೇಡ ಕಣೋ, ಒಳಗೆ ಎಷ್ಟು ದಾರಿ ಇದೆ ನೋಡು" ಅಂದರು. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಎಷ್ಟೋ ಡಬ್ಬಗಳಲ್ಲಿ ಹಿಂದೆ ಬರುವ ಹಾಡೇ ಹೆಡ್‌ಫೋನಿನಲ್ಲೂ ಬರುತ್ತೆ. ಬೆಹ್ರಿಂಗರ್ ಕಂಪನಿಯ ಯು.ಸಿ.ಎ. 222 ಅಂಥದ್ದು, ಅದು 2 ಔಟ್. ಹಾಡು ಕೇಳಲು, ರೆಕಾರ್ಡ್ ಮಾಡಲು ಚೆನ್ನಾಗಿದೆ, ಆದರೆ ಅದೊಂದರಿಂದಲೇ ನಮ್ಮ ಕೆಲಸ ಆಗೋದಿಲ್ಲ. ಅದೇ ಕಂಪನಿಯ ಯು.ಎಂ.ಸಿ. 404 ಎಚ್.ಡಿ. 4 ಔಟ್.

ಹಾಗಾಗಿ ಪಟ್ಟಿಯಲ್ಲಿ ಹೀಗೆ ಬರೆಯೋಣ:

1. ಔಟ್‌ಪುಟ್ 4 ಇರಲೇಬೇಕು. ಪೆಟ್ಟಿಗೆಯ ಮೇಲೆ '4 ಔಟ್' ಅಂತ ಇದೆಯಾ ನೋಡಬೇಕು.

2. ಹೆಡ್‌ಫೋನ್ ತೂತಿಗೆ 3 ಮತ್ತು 4ನೇ ಚಾನೆಲ್ ಕಳಿಸಲು ಬರಬೇಕು. 4 ಔಟ್ ಇದ್ದರೂ ಹೆಡ್‌ಫೋನಿಗೆ 1 ಮತ್ತು 2 ಮಾತ್ರ ಬರುವ ಡಬ್ಬಗಳಿರುತ್ತವೆ. ಹೆಡ್‌ಫೋನ್ ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ಕೇಳಿ ನೋಡುವುದು ಒಳ್ಳೆಯದು.

3. ನಮ್ಮ ಕಂಪ್ಯೂಟರಿಗೆ ಅದರ ಡ್ರೈವರ್ ಸಿಗಬೇಕು. ಡ್ರೈವರ್ ಅಂದರೆ ಕಂಪ್ಯೂಟರಿಗೂ ಕಾರ್ಡಿಗೂ ನಡುವಿನ ದುಭಾಷಿ. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗುವ ಹಳೇ ಕಾರ್ಡುಗಳಿಗೆ ಹೊಸ ವಿಂಡೋಸಿನ ಡ್ರೈವರ್ ಇಲ್ಲದೇ ಹೋಗಬಹುದು. ಆಗ ಕಾರ್ಡು ಗಟ್ಟಿಮುಟ್ಟಾಗಿದ್ದರೂ ಮೂಕವೇ.

ಇನ್ನು ದುಡ್ಡು ಹಾಕಬೇಕಿಲ್ಲದ ವಿಷಯ: ಪೆಟ್ಟಿಗೆಯ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ನಮ್ಮ ಹತ್ತಿರ ಇರುವುದು ಮೊಬೈಲಿನಿಂದ ಇಳಿಸಿಕೊಂಡ ಎಂ.ಪಿ. 3 ಹಾಡು. ಕಾರ್ಡ್ ಎಷ್ಟು ದೊಡ್ಡದಾದರೂ ಹಾಡಿನಲ್ಲಿ ಇಲ್ಲದ್ದನ್ನು ತಂದು ಕೊಡೋದಿಲ್ಲ. ಹಾಗೆಯೇ ಗ್ರಾಮಫೋನು ತಟ್ಟೆಯಿಂದ ಕಂಪ್ಯೂಟರನ್ನು ನಡೆಸುವವರಿಗೆ ಕಾರ್ಡಿನಲ್ಲಿ ನಾಲ್ಕು ಇನ್‌ಪುಟ್ಟೂ ಬೇಕು. ನಮಗೆ ಅದು ಬೇಡ.

ಗುಂಡಿ, ಚಕ್ರ ಇರುವ ಡಿ.ಜೆ. ಕಂಟ್ರೋಲರ್ ಕೊಂಡರೆ ಅದರೊಳಗೇ ಕಾರ್ಡ್ ಇರಬಹುದು. 2018ರ ಪಯನೀರ್ ಡಿ.ಡಿ.ಜೆ. 400ರಲ್ಲಿ ಇತ್ತು. 2019ರಲ್ಲಿ ಬಂದ ಡಿ.ಡಿ.ಜೆ. 200ರಲ್ಲಿ ಇರಲಿಲ್ಲ. ಆದ್ದರಿಂದ ಅದನ್ನೂ ಕೇಳಿಯೇ ಕೊಳ್ಳಬೇಕು.

ದುಡ್ಡು ಸಾಲದಿದ್ದರೆ?

ಎರಡು ಉಪಾಯ ಇವೆ. ಒಂದು, ಎಡ ಚಾನೆಲ್ ಜನರಿಗೆ, ಬಲ ಚಾನೆಲ್ ಹೆಡ್‌ಫೋನಿಗೆ ಅಂತ ಬೇರೆ ಮಾಡುವ ವೈರು. ಇದಕ್ಕೆ ತಂತ್ರಾಂಶದಲ್ಲೂ ಹಾಗೆ ಹಂಚುವ ಸೌಲಭ್ಯ ಇರಬೇಕು. ಇದರಲ್ಲಿ ಸ್ಟೀರಿಯೋ ಹೋಗಿ ಮೋನೋ ಆಗುತ್ತೆ. ನಮ್ಮ ಬಯಲಿಗೆ ಅಷ್ಟು ಸಾಕು. ಆದರೆ ಇಬ್ಬರು ಹಾಡು ಕೇಳಲು ಮಾರುವ ಮಾಮೂಲಿ ಕವಲು ವೈರು ಇದಕ್ಕೆ ಆಗೋದಿಲ್ಲ. ಅದು ಎರಡೂ ಕಡೆ ಒಂದೇ ಹಾಡು ಕೊಡುತ್ತೆ.

ಎರಡನೆಯದು, ಅಗ್ಗದ 2 ಔಟ್ ಕಾರ್ಡನ್ನು ಜನರಿಗೆ, ಲ್ಯಾಪ್‌ಟಾಪಿನ ತೂತನ್ನೇ ಹೆಡ್‌ಫೋನಿಗೆ ಬಳಸುವುದು. ಮಿಕ್ಸ್ ತಂತ್ರಾಂಶದಲ್ಲಿ ಎರಡಕ್ಕೂ ಬೇರೆ ಬೇರೆ ಕಾರ್ಡ್ ಆರಿಸಬಹುದು. ಒಂದು ತೊಂದರೆ ಇದೆ. ಪ್ರತಿ ಕಾರ್ಡಿನೊಳಗೂ ಒಂದು ಗಡಿಯಾರ ಇರುತ್ತೆ. ಎರಡು ಕೈಗಡಿಯಾರ ಹೇಗೆ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಆಗುತ್ತವೋ ಹಾಗೇ ಇವೂ ಆಗುತ್ತವೆ. ಒಂದೇ ಡಬ್ಬದ 4 ಔಟ್‌ಗೆ ಗಡಿಯಾರ ಒಂದೇ, ಆದ್ದರಿಂದ ಆ ಗೋಳಿಲ್ಲ.

ಬಫರ್ ಎಂಬ ನೀರಿನ ತೊಟ್ಟಿ

ಕಾರ್ಡ್ ಬಂತು ಅನ್ನಿ. ಹಾಡು ಹಾಕಿದರೆ 'ಚಟ್ ಚಟ್' ಅಂತ ಒಡೆಯುತ್ತೆ. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕೊಡುವ ಮುಂಚೆ ಬಫರ್ ನೋಡಿ.

ಬೋರ್‌ವೆಲ್ಲಿನ ನೀರು ಮೊದಲು ತೊಟ್ಟಿಗೆ ಬೀಳುತ್ತೆ, ಅಲ್ಲಿಂದ ನಲ್ಲಿಗೆ. ತೊಟ್ಟಿ ಚಿಕ್ಕದಾಗಿದ್ದು ಮೋಟಾರ್ ಒಂದು ಗಳಿಗೆ ನಿಂತರೆ ನಲ್ಲಿ ಬತ್ತುತ್ತೆ. ಕಂಪ್ಯೂಟರ್ ಬೇರೆ ಕೆಲಸಕ್ಕೆ ತಿರುಗಿದಾಗ ಹಾಡು ಬತ್ತಿ 'ಚಟ್' ಅನ್ನುವುದೂ ಹೀಗೇ. ತೊಟ್ಟಿ ದೊಡ್ಡದಾದರೆ ಬತ್ತೋದಿಲ್ಲ, ಆದರೆ ಗುಂಡಿ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತೆ.

ಲೆಕ್ಕ ಸುಲಭ. ಬಫರ್ 512 ಇದ್ದರೆ 512ನ್ನು 44,100ರಿಂದ ಭಾಗಿಸಿ: 11.6 ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಅಂದರೆ ಸ್ಪೀಕರಿನಿಂದ 4 ಮೀಟರ್ ದೂರ ನಿಂತವನಿಗೂ ಇಷ್ಟೇ ತಡ. 1024 ಇಟ್ಟರೆ 23 ಮಿಲಿಸೆಕೆಂಡ್. ತಟ್ಟೆ ಉಜ್ಜಿ ಸದ್ದು ಮಾಡುವವರಿಗೆ ಚಿಕ್ಕ ತೊಟ್ಟಿ ಬೇಕು. ಹಾಡು ಬದಲಾಯಿಸುವ ನಮಗೆ 1024 ಧಾರಾಳ.

ವಿಂಡೋಸಿನಲ್ಲಿ ಇನ್ನೊಂದು ವಿಷಯ. ಮಾಮೂಲಿಯಾಗಿ ಎಲ್ಲ ತಂತ್ರಾಂಶಗಳ ಸದ್ದನ್ನೂ ವಿಂಡೋಸ್ ಒಂದೇ ಪಾತ್ರೆಗೆ ಸುರಿದು ಕಲಸಿ ಕಾರ್ಡಿಗೆ ಕೊಡುತ್ತೆ. ಅದರಿಂದ ತಡ ಹೆಚ್ಚು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೋ ಎಂಬ ಡ್ರೈವರ್ ಪದ್ಧತಿ ನೇರ ದಾರಿ. ತಂತ್ರಾಂಶದಲ್ಲಿ ಕಾರ್ಡ್ ಆರಿಸುವಾಗ 'ಆಸಿಯೋ' ಎಂದಿರುವುದನ್ನೇ ಆರಿಸಿ.

ಜೋಡಿಸುವ ಕ್ರಮ

1. ಕಾರ್ಡಿನ ಕಂಪನಿಯ ಡ್ರೈವರ್ ಹಾಕಿ, ಕಂಪ್ಯೂಟರ್ ಆರಿಸಿ ಮತ್ತೆ ಶುರು ಮಾಡಿ.
2. ಕಾರ್ಡನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಮೌಸ್, ಪೆನ್‌ಡ್ರೈವ್ ಇರುವ ಹಬ್ಬಿಗೆ ಬೇಡ.
3. ತಂತ್ರಾಂಶದಲ್ಲಿ ಮಾಸ್ಟರ್‌ಗೆ 1-2, ಹೆಡ್‌ಫೋನಿಗೆ 3-4 ಆರಿಸಿ.
4. ವಿಂಡೋಸಿನ ಮಾಮೂಲಿ ಸದ್ದಿಗೆ ಲ್ಯಾಪ್‌ಟಾಪಿನ ಸ್ಪೀಕರನ್ನೇ ಇಟ್ಟಿರಿ. ಇಲ್ಲದಿದ್ದರೆ ಮುಖ್ಯ ಅತಿಥಿಗಳ ಮುಂದೆ 'ಟಿಂಗ್' ಅನ್ನುತ್ತೆ. ವೈ-ಫೈ ಮತ್ತು ತಾನಾಗಿ ಮಲಗುವ ವ್ಯವಸ್ಥೆ ಎರಡನ್ನೂ ಆರಿಸಿ.
5. 1-2ರಿಂದ ಬರುವ ವೈರನ್ನು ಮಿಕ್ಸರಿನ 'ಲೈನ್' ತೂತಿಗೆ ಹಾಕಿ. 'ಮೈಕ್' ತೂತಿಗೆ ಹಾಕಿದರೆ ಸದ್ದು ಒಡೆಯುತ್ತೆ.
6. ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರಲ್ಲಿ ಸದ್ದು ತಡವಾಗಿ ಬಂದು ತಾಳ ತಪ್ಪುತ್ತೆ.
7. ಎಲ್ಲ ಮುಗಿದ ಮೇಲೆ ಕೊನೆಗೆ ಆಂಪ್ಲಿಫೈಯರ್ ಹಾಕಿ. ಆರಿಸುವಾಗ ಮೊದಲು ಅದನ್ನೇ ಆರಿಸಿ.

'ಗುಂಯ್' ಅಂತ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ಕಾಟ. ಲ್ಯಾಪ್‌ಟಾಪ್, ಮಿಕ್ಸರ್, ಆಂಪ್ಲಿಫೈಯರ್ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಅದಕ್ಕೂ ಹೋಗದಿದ್ದರೆ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಪ್ಲಗ್ಗಿನ ಮೂರನೇ ಪಿನ್ ಮಾತ್ರ ಯಾವ ಕಾರಣಕ್ಕೂ ಮುರಿಯಬಾರದು. ಅದು ನಮ್ಮ ಜೀವ ಕಾಯುವ ಪಿನ್ನು. ಮಾವ ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡೋದಿಲ್ಲ.

ಕಿವಿಯ ಬಗ್ಗೆಯೂ ಒಂದು ಮಾತು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಮೀರಿ ಕೇಳಬಾರದು, ಆಮೇಲೆ 3 ಡೆಸಿಬೆಲ್ ಹೆಚ್ಚಿದಂತೆಲ್ಲ ಸಮಯ ಅರ್ಧ ಆಗಬೇಕು ಅಂತ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. 100 ಡೆಸಿಬೆಲ್ಲಿಗೆ 15 ನಿಮಿಷ ಮಾತ್ರ! ಸ್ಪೀಕರ್ ಜೋರಾದಷ್ಟೂ ಹೆಡ್‌ಫೋನನ್ನೂ ಜೋರು ಮಾಡಬೇಕಾಗುತ್ತೆ. ಕಿವಿಯೊಳಗಿನ ಸೂಕ್ಷ್ಮ ಕೂದಲ ಕಣ ಸತ್ತರೆ ಮತ್ತೆ ಹುಟ್ಟೋದಿಲ್ಲ. ಅದಕ್ಕೇ ಪುಟ್ಟ ಮಕ್ಕಳನ್ನು ಸ್ಪೀಕರಿನ ಮುಂದೆ ಕೂರಿಸಬಾರದು.

ಪಟ್ಟಿಗೆ ಇನ್ನೇನಾದರೂ ಸೇರಿಸಬೇಕು ಅನ್ನಿಸಿದರೆ ಚೀಟಿಯಲ್ಲಿ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಶನಿವಾರ ಮುಖ್ಯೋಪಾಧ್ಯಾಯರಿಗೆ ಕೊಡೋಣ.

ನಿಮಗೊಂದು ಲೆಕ್ಕ: ಬಫರ್ 256 ಇಟ್ಟರೆ ಎಷ್ಟು ಮಿಲಿಸೆಕೆಂಡ್ ತಡ? ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಎಷ್ಟು ಮೀಟರ್ ಹೋಗಿರುತ್ತೆ? ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.