ಜೀರುಂಡೆಯ ಹೊಟ್ಟೆಯ ಬುತ್ತಿ

ಅಮೆರಿಕ, ಯೂರೋಪುಗಳ ಎಷ್ಟೋ ಮನೆಗಳಲ್ಲಿ ನಾಯಿ ಬೆಕ್ಕುಗಳಂತೆ ಓತಿಯನ್ನೂ ಸಾಕುವ ರೂಢಿಯುಂಟು. ಆಸ್ಟ್ರೇಲಿಯ ಮೂಲದ ‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಗಡ್ಡದ ಓತಿ ಇವುಗಳಲ್ಲಿ ಅಚ್ಚುಮೆಚ್ಚಿನದು. ಅದರ ಮರಿಗೆ ಜೀವಂತ ಜೀರುಂಡೆಯೇ ಮುಖ್ಯ ಆಹಾರ. ಆದರೆ ಹೊಟ್ಟೆತುಂಬ ಜೀರುಂಡೆ ತಿಂದ ಮರಿಯೂ ಕಾಲು ಸೊಟ್ಟಗಾಗಿ, ದವಡೆ ಮೆತ್ತಗಾಗಿ ನರಳುವುದುಂಟು. ಉಂಡೂ ಉಪವಾಸಿ ಎಂದರೆ ಇದೇ ಅಲ್ಲವೆ?

ಜೀರುಂಡೆಗೆ ಎಲುಬಿಲ್ಲ, ಹೊರಚಿಪ್ಪು ಕೈಟಿನ್ ಎಂಬ ವಸ್ತುವಿನದು. ಆದ್ದರಿಂದ ಅದರ ಮೈಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಬೆಳೆಯುವ ಓತಿಗಾದರೋ ರಂಜಕಕ್ಕಿಂತ ಕ್ಯಾಲ್ಸಿಯಮ್ಮೇ ಹೆಚ್ಚು ಬೇಕು. ದೇಹ ತನ್ನ ಎಲುಬನ್ನೇ ಕರಗಿಸಿ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಪರಿಹಾರವೆಂದರೆ, ಓತಿಗೆ ಕೊಡುವ ಮುನ್ನ 24ರಿಂದ 48 ಗಂಟೆಗಳ ಕಾಲ ಜೀರುಂಡೆಗೇ ಔತಣ! ಧಾನ್ಯದ ನುಣ್ಣನೆಯ ಹಿಟ್ಟು 80 ಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ 20 ಗ್ರಾಂ ಬೆರೆಸಿದರೆ ಸುಮಾರು 8 ಗ್ರಾಂ ಕ್ಯಾಲ್ಸಿಯಂ ದೊರೆಯುತ್ತದೆ. ನೀರಿಗೆ ಒದ್ದೆ ಹತ್ತಿಯಿಟ್ಟರೆ ಸಾಕು. ತರಕಾರಿಯಿಟ್ಟರೆ ಅದನ್ನೇ ಮೆದ್ದು ಪುಡಿಯನ್ನು ಬಿಟ್ಟಾವು.

ತೇವ ತಾಗಿದ ಪುಡಿಗೆ ಬೂಷ್ಟು ಹಿಡಿಯುತ್ತದೆ. ಹಳತಾದರೆ ಜಿಡ್ಡು ಕಮಟುತ್ತದೆ, ಜೀವಸತ್ವಗಳು ಕುಂದುತ್ತವೆ. ಆದುದರಿಂದ ಸ್ವಲ್ಪಸ್ವಲ್ಪವಾಗಿ ಮಾಡಿ, ಬಿಗಿ ಮುಚ್ಚಳದ ಒಣ ಡಬ್ಬದಲ್ಲಿ, ಬಿಸಿಲು ಬೀಳದ ತಂಪಿನಲ್ಲಿಡಬೇಕು.

ಈ ಬುತ್ತಿ ಇರುವುದು ಜೀರುಂಡೆಯ ಹೊಟ್ಟೆಯಲ್ಲಿ ಮಾತ್ರ, ಮೈಯಲ್ಲಲ್ಲ. ಅದು ಅರಗಿಹೋಗುವ ಮೊದಲೇ ಓತಿಯ ಬಾಯಿ ಸೇರಬೇಕು. ಹಾಗೆ ಸೇರಿದ ಕ್ಯಾಲ್ಸಿಯಂ ಎಲುಬಿಗೆ ದಕ್ಕಲು ಡಿ ಜೀವಸತ್ವವೂ, ಅದಕ್ಕಾಗಿ ಬಿಸಿಲಿನ ಅಥವಾ ತಕ್ಕ ದೀಪದ ಅತಿನೇರಿಳೆ ಕಿರಣವೂ ಬೇಕು. ಪಂಜರದ ಪ್ರಾಣಿ ತನ್ನ ಆಹಾರವನ್ನು ತಾನೇ ಆರಿಸಿಕೊಳ್ಳಲಾರದು. ಆ ಆಯ್ಕೆಯ ಹೊಣೆ ಸಾಕಿದವರದೇ.